ವೀಣೆಯ ಮೆಟ್ಟಿಲುಗಳ ಜಾಡು ಹಿಡಿದು

ವೀಣೆಗೆ ಇಪ್ಪತ್ನಾಲ್ಕು ಮೆಟ್ಟಿಲುಗಳನ್ನು ಕದಲದಂತೆ ಕೂರಿಸಿದವನು ತಂಜಾವೂರಿನ ರಘುನಾಥ ನಾಯಕ ಎಂದು ನಮ್ಮ ಸಂಗೀತದ ಪಠ್ಯಪುಸ್ತಕಗಳು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತವೆ. ಪರೀಕ್ಷೆಗೆ ಕೂರುವ ಮಕ್ಕಳು ಅದನ್ನೇ ಬರೆಯುತ್ತಾರೆ, ಅಂಕವೂ ಬರುತ್ತದೆ. ರಘುನಾಥ ಆಳಿದ್ದು 1600ರಿಂದ 1634ರವರೆಗೆ. ಹಾಗಾದರೆ ಅದಕ್ಕೂ ಐವತ್ತು ವರ್ಷ ಮೊದಲು ಹಂಪಿಯಲ್ಲಿ ನುಡಿಯುತ್ತಿದ್ದ ವೀಣೆಗೆ ಮೆಟ್ಟಿಲುಗಳೆಷ್ಟಿದ್ದವು? ಅವು ಸರಿದಾಡುತ್ತಿದ್ದವೇ, ನಿಂತಿದ್ದವೇ? ವೀಣೆಗೆ ಹೆಸರಾದ ಮೈಸೂರಿನಲ್ಲಿ ಕೂತು ಈ ಪ್ರಶ್ನೆ ಹಾಕಿಕೊಂಡಾಗ, ಆ ಒಂದು ವಾಕ್ಯ ಸಾಲದು ಅನ್ನಿಸಿತು. ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ.

ಇದು ಬರೀ ಮರಗೆಲಸದ ಪ್ರಶ್ನೆಯಲ್ಲ. ಮೆಟ್ಟಿಲು ಎಲ್ಲಿ ನಿಂತಿತೋ ಅಲ್ಲಿ ಸ್ವರ ನಿಲ್ಲುತ್ತದೆ. ಹಾಡುಗಾರ ತನ್ನ ಗಾಂಧಾರವನ್ನು ಒಂದು ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ಅದಕ್ಕೆ ಗುರುತು ಉಳಿಯುವುದಿಲ್ಲ. ಮೆಟ್ಟಿಲು ಕೂರಿಸುವವನು ಮಾತ್ರ ಒಂದು ಜಾಗವನ್ನು ಆರಿಸಲೇಬೇಕು. ಹೀಗೆ ಆರಿಸಿದ ಜಾಗಗಳ ಚರಿತ್ರೆಯೇ ನಮ್ಮ ಮೇಳಪದ್ಧತಿಯ ಚರಿತ್ರೆ. ಎಪ್ಪತ್ತೆರಡು ಮೇಳಕರ್ತಗಳನ್ನು ನಾವು ಹಾಡುಗಾರಿಕೆಯ ಶಾಸ್ತ್ರವೆಂದೇ ಕಲಿಯುತ್ತೇವೆ. ಅವು ಹುಟ್ಟಿದ್ದು ವೀಣೆಯ ದಂಡಿಯ ಮೇಲೆ. ಗ್ರಂಥಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದ ಮೇಲೆ ನನಗೆ ಇದರಲ್ಲಿ ಅನುಮಾನ ಉಳಿದಿಲ್ಲ.

ಯೂರೋಪಿನಲ್ಲಿ ಲ್ಯೂಟ್ ಮತ್ತು ಗಿಟಾರಿನ ಚರಿತ್ರೆ ಬರೆದವರು ಹಿಡಿದ ದಾರಿಯೂ ಇದೇ. ವಾದ್ಯಗಳನ್ನು ವಿಂಗಡಿಸಿದ ಹಾರ್ನ್‌ಬೊಸ್ಟೆಲ್ ಮತ್ತು ಸಾಕ್ಸ್ ಅವರ 1914ರ ಪದ್ಧತಿಯಂತೆ ನೋಡಿದರೆ ನಮ್ಮ ಸರಸ್ವತಿ ವೀಣೆ ಲ್ಯೂಟ್ ಕುಟುಂಬಕ್ಕೇ ಸೇರುತ್ತದೆ: ಒಂದು ಕೊಡ, ಅದಕ್ಕೆ ಸೇರಿದ ದಂಡಿ, ಎರಡರ ಮೇಲೂ ಹಾಯುವ ತಂತಿ. ಆ ಕಡೆಯ ಚರಿತ್ರೆಕಾರರ ಪುಣ್ಯ ದೊಡ್ಡದು. 1507ರಲ್ಲೇ ವೆನಿಸ್‌ನ ಪೆಟ್ರುಚ್ಚಿ ಎಂಬ ಮುದ್ರಕ ಸ್ಪಿನಾಚಿನೊನ ಲ್ಯೂಟ್ ಪುಸ್ತಕ ಅಚ್ಚುಹಾಕಿದ. ಯಾವ ತಂತಿಯನ್ನು ಯಾವ ಮೆಟ್ಟಿಲಲ್ಲಿ ಒತ್ತಬೇಕು ಎಂಬುದನ್ನೇ ಗೆರೆ-ಅಂಕಿಗಳಲ್ಲಿ ತೋರಿಸುವ ಲಿಪಿ ಅದು. 1536ರಲ್ಲಿ ವೆಲೆನ್ಸಿಯಾದಲ್ಲಿ ಲೂಯಿಸ್ ಮಿಲಾನ್ ಗಿಟಾರಿನ ಹತ್ತಿರದ ಬಂಧುವಾದ ವಿಹ್ವೇಲಾಕ್ಕೆ ಇಂಥದೇ ಪುಸ್ತಕ ಕೊಟ್ಟ. ಲ್ಯೂಟ್ ಬಳಕೆ ತಪ್ಪಿ ಬಹುಕಾಲ ಕಳೆದ ಮೇಲೂ ಕಿಲೆಸೊಟ್ಟಿಯಂಥ ವಿದ್ವಾಂಸರು ಆ ಲಿಪಿಯನ್ನು ಓದಿ ಬರೆದರು, 1890ರ ದಶಕದಲ್ಲಿ ಡಾಲ್‌ಮೆಚ್ ಹಳೆಯ ಮಾದರಿಯಲ್ಲಿ ಲ್ಯೂಟ್ ಕಟ್ಟಿದರು, ಸತ್ತ ವಾದ್ಯ ಮತ್ತೆ ನುಡಿಯಿತು. ನಮ್ಮ ವೀಣೆ ಸಾಯಲೇ ಇಲ್ಲ. ಗುರುವಿನಿಂದ ಶಿಷ್ಯನಿಗೆ ನಡೆದುಬಂತು. ಬದುಕಿದ್ದರಿಂದಲೇ ಅದರ ಹಿಂದಿನ ರೂಪ ಮರೆಯಾಯಿತು.

ಮೊದಲು ಹೋಗಬೇಕಾದದ್ದು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ. ಮೈಸೂರಿನ ಹಿರಿಯರ ಬಾಯಲ್ಲಿ ಅದು ಇಂದಿಗೂ ಓರಿಯಂಟಲ್ ಲೈಬ್ರರಿಯೇ. 1891ರಲ್ಲಿ ಶುರುವಾದ ಈ ಸಂಸ್ಥೆಗೆ ಅರ್ಥಶಾಸ್ತ್ರದ ತಾಳೆಗರಿ ಬಂದು ಸೇರಿದ್ದು, ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ್ದು ಎಲ್ಲರಿಗೂ ಗೊತ್ತು. ಅದೇ ಶಾಸ್ತ್ರಿಗಳು 1926ರಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಅಭಿಲಷಿತಾರ್ಥ ಚಿಂತಾಮಣಿಯ ಮೊದಲ ಭಾಗವನ್ನೂ ಹೊರತಂದರು. ಮಾನಸೋಲ್ಲಾಸ ಎಂಬುದು ಇದರದೇ ಇನ್ನೊಂದು ಹೆಸರು. ಅಲ್ಲಿ ವಾದ್ಯದ ಮಾತು ಸಿಗುತ್ತದೆಂದು ಕೈಯಿಟ್ಟರೆ, ಸಂಗೀತದ ಪ್ರಕರಣಗಳಿರುವುದು ಗ್ರಂಥದ ಕೊನೆಯ ಕಡೆ. ಅವುಗಳಿಗೆ ಬರೋಡದ ಗಾಯಕವಾಡ್ ಮಾಲೆಯ ಮೂರನೆಯ ಸಂಪುಟವನ್ನೇ ತೆಗೆಯಬೇಕು; ಅದು ಬಂದದ್ದು 1961ರಲ್ಲಿ. ಕನ್ನಡನಾಡಿನ ದೊರೆ ಬರೆದ ಸಂಗೀತದ ಮಾತಿಗೆ ಗುಜರಾತಿನ ಪುಸ್ತಕ! ಇಂಥ ಸುತ್ತಾಟ ಈ ವಿಷಯದಲ್ಲಿ ಮಾಮೂಲು.

ಮೆಟ್ಟಿಲಿನ ಖಚಿತ ವರ್ಣನೆಗೆ ಹದಿಮೂರನೆಯ ಶತಮಾನಕ್ಕೆ ಬರಬೇಕು. ದೇವಗಿರಿಯ ಸೇವುಣರ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಕಿನ್ನರಿಯನ್ನು ಬಿಡಿಬಿಡಿಯಾಗಿ ಹೇಳುತ್ತಾನೆ. ಕಿನ್ನರಿ ನಮ್ಮ ನಾಡಿಗೆ ಹೊಸತಲ್ಲ. ಅದನ್ನು ನುಡಿಸುತ್ತಿದ್ದ ಶರಣ ಕಿನ್ನರಿ ಬೊಮ್ಮಯ್ಯ ಬಸವಣ್ಣನವರ ಕಾಲದವನು, ಕಿನ್ನರಿ ಹಿಡಿದು ಊರೂರು ತಿರುಗುವ ಜೋಗಿಗಳು ಮೊನ್ನೆಮೊನ್ನೆಯವರೆಗೂ ಇದ್ದರು. ಶಾರ್ಙ್ಗದೇವನ ಕಿನ್ನರಿಗೆ ಹದಿನಾಲ್ಕು ಸಾರಿಕೆಗಳು, ಅಂದರೆ ಮೆಟ್ಟಿಲುಗಳು. ರಣಹದ್ದಿನ ಮೂಳೆಯವು, ಇಲ್ಲವೇ ಲೋಹದವು. ಬಟ್ಟೆ ಸುಟ್ಟ ಮಸಿಯನ್ನು ಮೇಣಕ್ಕೆ ಕಲಸಿ ಅದರಲ್ಲಿ ಅವನ್ನು ಕೂರಿಸಬೇಕು. ಈ ಸಾಲು ಓದಿದಾಗ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಇಂದಿಗೂ ಮೈಸೂರಿನಲ್ಲಿ ವೀಣೆಗೆ ಮೆಟ್ಟಿಲು ಕೂರುವುದು ಕಪ್ಪು ಮೇಣದಲ್ಲೇ. ಏಳುನೂರು ಎಂಟುನೂರು ವರ್ಷ ಒಂದು ಕೈಕೆಲಸ ಹೀಗೆ ಉಳಿದುಬಂದಿದೆ.

ಆದರೆ ಹದಿನಾಲ್ಕು ಎಂಬ ಸಂಖ್ಯೆಯನ್ನು ಗಮನಿಸಬೇಕು. ಎರಡು ಸ್ಥಾಯಿಗೆ ಹದಿನಾಲ್ಕು ಎಂದರೆ ಸ್ಥಾಯಿಗೆ ಏಳು. ಒಂದು ರಾಗಕ್ಕೆ ಅದು ಸಾಕು. ರಾಗ ಬದಲಾದರೆ ಮೆಟ್ಟಿಲು ಸರಿಸಬೇಕು. ಏಳು ಹನ್ನೆರಡಾದದ್ದು ಯಾವಾಗ? ಇಡೀ ಹುಡುಕಾಟ ಈ ಪ್ರಶ್ನೆಗೆ ಬಂದು ನಿಂತಿತು.

ಉತ್ತರ ಸಿಕ್ಕಿದ್ದು ವಿಜಯನಗರದಲ್ಲಿ. ಇಮ್ಮಡಿ ದೇವರಾಯನ ಕಾಲಕ್ಕೆ ಸೇರಿದ ಕಲ್ಲಿನಾಥ ಸಂಗೀತರತ್ನಾಕರಕ್ಕೆ ವ್ಯಾಖ್ಯಾನ ಬರೆದ. ಅವನ ಮಗಳ ವಂಶದವನು ರಾಮಾಮಾತ್ಯ. ಅಳಿಯ ರಾಮರಾಯನ ಆಶ್ರಯದಲ್ಲಿ ಅವನು ಸ್ವರಮೇಳಕಲಾನಿಧಿ ಬರೆದು ಮುಗಿಸಿದ್ದು ಶಕ 1472ರ ಸಾಧಾರಣ ಸಂವತ್ಸರದಲ್ಲಿ, ಅಂದರೆ ಕ್ರಿ.ಶ. 1550ರಲ್ಲಿ. ಇನ್ನು ಹದಿನೈದು ವರ್ಷಕ್ಕೆ ರಕ್ಕಸತಂಗಡಿಯ ಯುದ್ಧ. ರಾಮರಾಯನೂ ಹೋದ, ಹಂಪಿಯೂ ಹೋಯಿತು. ಗ್ರಂಥ ಮಾತ್ರ ಪ್ರತಿಯಾಗುತ್ತ ಉಳಿಯಿತು. 1904ರಲ್ಲಿ ದಕ್ಷಿಣಕ್ಕೆ ಬಂದ ಸಂಗೀತ ವಿದ್ವಾಂಸ ಭಾತಖಂಡೆಯವರು ಇಂಥ ಗ್ರಂಥಗಳಿಗಾಗಿ ಮದರಾಸು, ತಂಜಾವೂರು, ಎಟ್ಟಯಾಪುರ ಸುತ್ತಿದರು. 1932ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯ ಎಂ.ಎಸ್. ರಾಮಸ್ವಾಮಿ ಅಯ್ಯರ್ ಅವರ ಸಂಪಾದನೆಯಲ್ಲಿ ಸ್ವರಮೇಳಕಲಾನಿಧಿಯನ್ನು ಇಂಗ್ಲಿಷ್ ಅನುವಾದದೊಡನೆ ಹೊರತಂದಿತು.

ಈ ಚಿಕ್ಕ ಪುಸ್ತಕದ ವೀಣಾಪ್ರಕರಣ ನಮ್ಮ ಸಂಗೀತದ ಚರಿತ್ರೆಯ ಅತಿ ಮುಖ್ಯ ಪುಟಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ. ರಾಮಾಮಾತ್ಯ ಮೂರು ವೀಣೆಗಳನ್ನು ಹೇಳುತ್ತಾನೆ: ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜೇಂದ್ರಮೇಳ ವೀಣೆ. ಮೂರನೆಯದರ ಹೆಸರಿನಲ್ಲಿ ಅಚ್ಯುತದೇವರಾಯನಿದ್ದಾನೆ. ಅವನ ಆಳ್ವಿಕೆ 1529ರಿಂದ 1542. ಅಂದರೆ ಹಂಪಿಯ ಅರಮನೆಯಲ್ಲಿ ವೀಣೆಯ ಶ್ರುತಿಕಟ್ಟಿನ ಬಗ್ಗೆ ಪ್ರಯೋಗಗಳು ನಡೆಯುತ್ತಿದ್ದವು, ಅರಸನ ಹೆಸರಿಡುವಷ್ಟು ಅದಕ್ಕೆ ಬೆಲೆಯಿತ್ತು. ಇನ್ನು ಮಧ್ಯಮೇಳದ ತಂತಿಗಳು: ಪಂಚಮ, ಷಡ್ಜ, ಪಂಚಮ, ಷಡ್ಜ. ಮೈಸೂರಿನ ಯಾವ ಮನೆಯ ವೀಣೆಯನ್ನಾದರೂ ಕೈಗೆತ್ತಿಕೊಂಡು ಅನುಮಂದ್ರದಿಂದ ಸಾರಣಿಯವರೆಗೆ ಮೀಟಿ ನೋಡಿ, ಕೇಳಿಸುವುದು ಅದೇ. ಇವತ್ತಿನ ಶ್ರುತಿ 1550ರ ಹೊತ್ತಿಗಾಗಲೇ ಬಳಕೆಯಲ್ಲಿತ್ತು.

ಪಠ್ಯಪುಸ್ತಕದ ವಾಕ್ಯ ಕುಸಿಯುವುದು ಮುಂದಿನ ಮಾತಿನಲ್ಲಿ. ಈ ಮೂರರಲ್ಲಿ ಪ್ರತಿಯೊಂದೂ ಎರಡು ಬಗೆ ಎನ್ನುತ್ತಾನೆ ರಾಮಾಮಾತ್ಯ. ಒಂದು ಏಕರಾಗಮೇಳ: ನುಡಿಸುವ ರಾಗಕ್ಕೆ ಬೇಕಾದಷ್ಟೇ ಮೆಟ್ಟಿಲು. ಇನ್ನೊಂದು ಸರ್ವರಾಗಮೇಳ: ಎಲ್ಲ ರಾಗಗಳಿಗೂ ಆಗುವಂತೆ ಎಲ್ಲ ಸ್ವರಗಳಿಗೂ ಮೆಟ್ಟಿಲು. ಎಂದಮೇಲೆ ಎಲ್ಲ ರಾಗಕ್ಕೂ ಒಂದೇ ಕಟ್ಟು ಎಂಬ ಯೋಚನೆ ರಘುನಾಥ ಪಟ್ಟಕ್ಕೆ ಬರುವ ಐವತ್ತು ವರ್ಷ ಮೊದಲೇ ತುಂಗಭದ್ರೆಯ ದಡದಲ್ಲಿ ಬರಹಕ್ಕೆ ಇಳಿದಿತ್ತು. ರಘುನಾಥನ ಹೆಸರಿನ ವೀಣೆ ಇದ್ದದ್ದು ನಿಜ. ಅದನ್ನು ನೆಲೆಗೊಳಿಸಿದ ಶ್ರೇಯ ತಂಜಾವೂರಿನದು. ಮೂಲ ಕಲ್ಪನೆಯ ಶ್ರೇಯ ಹಂಪಿಗೆ ಸಲ್ಲಬೇಕು.

ಇನ್ನೊಂದು ಸಣ್ಣ ಮಾತಿನಲ್ಲಿ ದೊಡ್ಡ ಸಂಗತಿ ಅಡಗಿದೆ. ರಾಮಾಮಾತ್ಯ ಎಣಿಸುವುದು ಏಳು ಶುದ್ಧ, ಏಳು ವಿಕೃತ, ಒಟ್ಟು ಹದಿನಾಲ್ಕು ಸ್ವರ. ಅವುಗಳಲ್ಲಿ ಅಂತರ ಗಾಂಧಾರ, ಕಾಕಲಿ ನಿಷಾದ ಎರಡಕ್ಕೂ ಬೇರೆ ಮೆಟ್ಟಿಲು ಬೇಡ, ಪಕ್ಕದ ಚ್ಯುತಮಧ್ಯಮ ಗಾಂಧಾರ ಮತ್ತು ಚ್ಯುತಷಡ್ಜ ನಿಷಾದಗಳೇ ಅವಕ್ಕೆ ಪ್ರತಿನಿಧಿಗಳಾಗಲಿ ಎನ್ನುತ್ತಾನೆ. ಅಷ್ಟು ಒತ್ತಾಗಿ ಮೆಟ್ಟಿಲು ಹಾಕಿದರೆ ವಾದನಕ್ಕೆ ಒಗ್ಗುವುದಿಲ್ಲ. ಹದಿನಾಲ್ಕರಲ್ಲಿ ಎರಡು ಹೋದರೆ ಹನ್ನೆರಡು. ಅವನು ಹೇಳಿದ ಇಪ್ಪತ್ತು ಮೇಳಗಳು ಈ ಲೆಕ್ಕದಲ್ಲಿ ಹದಿನೈದಾಗುತ್ತವೆ. ಮುಂದೆ ವೆಂಕಟಮಖಿ ಚತುರ್ದಂಡೀಪ್ರಕಾಶಿಕೆಯಲ್ಲಿ ಎಪ್ಪತ್ತೆರಡರ ಜಾಲ ಹೆಣೆದದ್ದು ಇದೇ ಹನ್ನೆರಡು ಸ್ಥಾನಗಳ ಮೇಲೆ. ಅವನ ತಂದೆ ಗೋವಿಂದ ದೀಕ್ಷಿತರು ತಂಜಾವೂರಿನಲ್ಲಿ ಮಂತ್ರಿಯಾಗಿದ್ದ ಕನ್ನಡಿಗರು. ವೆಂಕಟಮಖಿ ತನ್ನ ಗ್ರಂಥವನ್ನು ವೀಣಾಪ್ರಕರಣದಿಂದಲೇ ಆರಂಭಿಸುತ್ತಾನೆ. ಕಾರಣ ಈಗ ಸ್ಪಷ್ಟ. ವೈಣಿಕನ ಬೆರಳಿನ ಅನುಕೂಲ ಶಾಸ್ತ್ರದ ಅಡಿಪಾಯವಾಯಿತು.

ಸರಿ, ಮೆಟ್ಟಿಲುಗಳು ನಿಂತದ್ದೆಲ್ಲಿ? ರಾಮಾಮಾತ್ಯ ಅಳತೆಗೋಲು ಹಿಡಿಯುವುದಿಲ್ಲ. ತಂತಿಗಳನ್ನೇ ಒಂದಕ್ಕೊಂದು ಸಾಕ್ಷಿ ಮಾಡುತ್ತಾನೆ. ಶುದ್ಧಮೇಳದಲ್ಲಿ ನಾಲ್ಕು ತಂತಿಗಳು ಷಡ್ಜ, ಪಂಚಮ, ಷಡ್ಜ, ಮಧ್ಯಮ. ಎರಡನೆಯ ಮೆಟ್ಟಿಲಲ್ಲಿ ಮಧ್ಯಮದ ತಂತಿ ಪಂಚಮ ಕೊಡಬೇಕು. ಐದನೆಯದರಲ್ಲಿ ಷಡ್ಜದ ತಂತಿ ಮಧ್ಯಮ ಕೊಡಬೇಕು. ಎರಡನೆಯ ಮೆಟ್ಟಿಲಲ್ಲಿ ಪಂಚಮದ ತಂತಿ ಕೊಡುವ ಶುದ್ಧ ನಿಷಾದವೇ ನಾಲ್ಕನೆಯದರಲ್ಲಿ ಮಧ್ಯಮದ ತಂತಿಗೆ ಬರಬೇಕು. ಹೀಗೆ ಒಂದೇ ಸ್ವರ ಎರಡು ಕಡೆ ಸಿಗುವುದರಿಂದ ತಪ್ಪು ತಾನಾಗಿ ಬಯಲಾಗುತ್ತದೆ. ನಾನು ಇದನ್ನು ಕಾಗದದ ಮೇಲೆ ಅಳತೆಗೆ ಇಳಿಸಿದೆ. ತಂತಿಯ ನುಡಿಯುವ ಉದ್ದ 81 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ವೀಣೆಗೆ ಇದು ಸಹಜವಾದ ಉದ್ದ, ಭಾಗಾಕಾರಕ್ಕೂ ಸಲೀಸು. ತಂತಿ ಹಾಯುವ ಮೇಲಿನ ಮೇರುವಿನಿಂದ ಅಳೆದರೆ ಎರಡನೆಯ ಮೆಟ್ಟಿಲು ಸರಿಯಾಗಿ 9 ಸೆಂ.ಮೀ., ಐದನೆಯದು 20.25, ನಾಲ್ಕನೆಯದು 17.

ಈ ನಾಲ್ಕನೆಯ ಮೆಟ್ಟಿಲನ್ನು ನೆನಪಿಡಿ. ಷಡ್ಜದ ತಂತಿಯಲ್ಲಿ ಅದು ಕೊಡುವುದು ನಾವು ಇಂದು ಶಂಕರಾಭರಣಕ್ಕೂ ಕಲ್ಯಾಣಿಗೂ ಹಿಡಿಯುವ ಗಾಂಧಾರವನ್ನು. 1581ರಲ್ಲಿ ಫ್ಲಾರೆನ್ಸ್‌ನ ವಿನ್ಚೆನ್ಜೊ ಗೆಲಿಲೆಯಿ ಲ್ಯೂಟ್ ಮೆಟ್ಟಿಲುಗಳಿಗೆ ಒಂದು ಸರಳ ಸೂತ್ರ ಹೇಳಿದ. ಇವನು ಖಗೋಳಶಾಸ್ತ್ರಜ್ಞ ಗೆಲಿಲಿಯೊನ ತಂದೆ, ಸ್ವತಃ ಲ್ಯೂಟ್ ವಾದಕ. ಉಳಿದ ತಂತಿಯನ್ನು ಪ್ರತಿಸಲವೂ ಹದಿನೆಂಟು ಭಾಗ ಮಾಡಿ, ಒಂದು ಭಾಗದಷ್ಟು ಮುಂದೆ ಹೋಗಿ ಮೆಟ್ಟಿಲು ಹಾಕು ಎಂಬುದು ಅವನ ಮಾತು. ಗಿಟಾರ್ ಮಾಡುವವರು ಬಹುಕಾಲ ಇದನ್ನೇ ನಂಬಿ ನಡೆದರು. ಆ ಸೂತ್ರದಂತೆ 81 ಸೆಂ.ಮೀ. ತಂತಿಗೆ ನಾಲ್ಕನೆಯ ಮೆಟ್ಟಿಲು ಬೀಳುವುದು 16.55ರಲ್ಲಿ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕೆ 5:4ರ ಪ್ರಮಾಣ. ಅದರ ಜಾಗ 16.2. ರಾಮಾಮಾತ್ಯನ ಕಟ್ಟಿಗೂ ತಂಬೂರಿಯ ಗಾಂಧಾರಕ್ಕೂ ನಡುವೆ 8 ಮಿಲಿಮೀಟರ್ ಅಂತರ! ಇದು ಕಣ್ಣಿಗೇ ಕಾಣುವ ವ್ಯತ್ಯಾಸ. ನೂರು ವರ್ಷದ ವೀಣೆಯೊಂದರ ನಾಲ್ಕನೆಯ ಮೆಟ್ಟಿಲನ್ನು ಅಳೆದರೆ, ಅದನ್ನು ಕಟ್ಟಿದವನ ಕಿವಿಯಲ್ಲಿದ್ದ ಗಾಂಧಾರ ಯಾವುದೆಂದು ಹೇಳಬಹುದು.

ಇದೇ ವಿದ್ಯೆಯನ್ನು ಉತ್ತರಕ್ಕೆ ಕೊಂಡೊಯ್ದವನೂ ನಮ್ಮವನೇ. ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನ ಪುಂಡರೀಕ ವಿಠ್ಠಲ ಖಾನದೇಶದ ಫಾರೂಕಿ ದೊರೆ ಬುರ್ಹಾನ್ ಖಾನನ ಆಶ್ರಯದಲ್ಲಿ ಸದ್ರಾಗಚಂದ್ರೋದಯ ಬರೆದ, 1576ರಲ್ಲಿ ರಾಗಮಾಲೆ ಬರೆದ, ಕಡೆಗೆ ಅಕ್ಬರನ ಆಸ್ಥಾನಕ್ಕೆ ಹೋಗಿ ನರ್ತನನಿರ್ಣಯ ಕೊಟ್ಟ. ವೀಣೆಯ ಮೆಟ್ಟಿಲುಗಳಿಂದ ಮೇಳ ಹೇಳುವ ಕ್ರಮ ಅವನ ಜೊತೆ ಉತ್ತರಕ್ಕೆ ನಡೆಯಿತು. ಅವನನ್ನು ಮತ್ತೆ ಬೆಳಕಿಗೆ ತಂದದ್ದರಲ್ಲಿ ಮೈಸೂರಿನ ಪಾಲಿದೆ ಎಂಬುದು ಹೆಮ್ಮೆಯ ಮಾತು. ಡಾ. ರಾ. ಸತ್ಯನಾರಾಯಣ ನರ್ತನನಿರ್ಣಯವನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿದರು, ಚತುರ್ದಂಡೀಪ್ರಕಾಶಿಕೆಯನ್ನು ಪರಿಷ್ಕರಿಸಿದರು, ಸಂಗೀತರತ್ನಾಕರಕ್ಕೆ ‘ನಿಃಶಂಕಹೃದಯ’ವೆಂಬ ಕನ್ನಡ ವ್ಯಾಖ್ಯಾನ ಬರೆದರು, ‘ವೀಣಾಲಕ್ಷಣ ವಿಮರ್ಶೆ’ಯಲ್ಲಿ ವೀಣೆಯನ್ನೇ ವಿಚಾರಕ್ಕೆ ತೆಗೆದುಕೊಂಡರು. 2018ರಲ್ಲಿ ಪದ್ಮಶ್ರೀ ಬಂತು, 2020ರಲ್ಲಿ ತೀರಿಕೊಂಡರು. ಸಂಸ್ಕೃತ ಬಾರದ ವೈಣಿಕರಿಗೆ ಶಾಸ್ತ್ರದ ಬಾಗಿಲು ತೆರೆದ ಇಂಥ ಕನ್ನಡ ಪುಸ್ತಕಗಳನ್ನು ಹೊಸ ತಲೆಮಾರು ಓದುತ್ತಿಲ್ಲವಲ್ಲ ಎಂಬುದು ನನ್ನ ನೋವು.

ಮೆಟ್ಟಿಲ ಮೇಲೆ ಬೆರಳು ಹೇಗೆ ನಡೆಯಿತು ಎಂಬುದಕ್ಕೆ ನಮ್ಮಲ್ಲಿ ಬರಹವೇ ಇಲ್ಲವೆನ್ನುವಂತಿಲ್ಲ. 1609ರಲ್ಲಿ ಸೋಮನಾಥ ರಾಗವಿಬೋಧದಲ್ಲಿ ವೀಣೆಯ ವಾದನಭೇದಗಳಿಗೆ ಇಪ್ಪತ್ತಕ್ಕೂ ಹೆಚ್ಚು ಚಿಹ್ನೆ ಕಟ್ಟಿ, ರಾಗಗಳನ್ನು ಅವುಗಳೊಡನೆ ಬರೆದಿಟ್ಟ. ಮರುವರ್ಷ, 1610ರಲ್ಲಿ, ಲಂಡನ್ನಿನಲ್ಲಿ ಅಚ್ಚಾದ ರಾಬರ್ಟ್ ಡೌಲಂಡನ ಲ್ಯೂಟ್ ಪುಸ್ತಕದಲ್ಲಿ ಅವನ ತಂದೆ ಜಾನ್ ಡೌಲಂಡ್ ಮೆಟ್ಟಿಲು ಹಾಕುವ ಅಳತೆ ಬರೆದ. ಇಬ್ಬರಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಸೋಮನಾಥನ ಚಿಹ್ನೆಗಳನ್ನು ಇಡಿಯಾಗಿ ಬಿಡಿಸಿ ಪುಸ್ತಕ ಮಾಡಿದ್ದು ಡಚ್ ವಿದುಷಿ ಎಮ್ಮಿ ತೆ ನೈಯೆನ್‌ಹ್ಯೂಸ್, 1976ರಲ್ಲಿ, ಲೈಡನ್ನಿನಿಂದ. ಡೌಲಂಡನ ದಾರಿಯಲ್ಲಿ ಸಾವಿರ ಜನ ನಡೆದರು. ಸೋಮನಾಥನ ದಾರಿ ಅಲ್ಲಿಗೇ ನಿಂತಿತು.

ಹಾಗಾಗಿ ಮೈಸೂರು ಬಾನಿಯ ಬೆರಳು ಕಾಗದಕ್ಕೆ ಇಳಿದದ್ದು ಕಡಿಮೆ. ವೀಣೆ ಶೇಷಣ್ಣನವರು (1852–1926) ಕಟ್ಟಿದ ತಿಲ್ಲಾನ, ಸ್ವರಜತಿಗಳು ಉಳಿದಿವೆ. ಅವರ ಶಿಷ್ಯ ವೆಂಕಟಗಿರಿಯಪ್ಪನವರ ನಗ್ಮಾಗಳಿವೆ. ವೆಂಕಟಗಿರಿಯಪ್ಪನವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರರ (1920–1997) ಧ್ವನಿಮುದ್ರಣಗಳು ನಮ್ಮ ಕಿವಿಗೇ ಸಿಗುತ್ತವೆ: ತೋರುಬೆರಳು, ನಡುಬೆರಳು ಬೇರೆಬೇರೆಯಾಗಿ ಮೆಟ್ಟಿಲ ಮೇಲೆ ಓಡುವುದು, ಒಂದೊಂದು ಮೀಟೂ ಮುತ್ತಿನಂತೆ ಬಿಡಿಯಾಗಿ ಬೀಳುವುದು. ಶೇಷಣ್ಣನವರಿಗಿಂತ ಹಿಂದಕ್ಕೆ ಹೋಗಬೇಕಾದರೆ ನುಡಿಸಿದವರಿಲ್ಲ, ಬರೆದವರಿಲ್ಲ. ಉಳಿದಿರುವುದು ವೀಣೆಗಳು ಮಾತ್ರ.

ಆ ವೀಣೆಗಳೂ ದಿನೇ ದಿನೇ ಮೂಕವಾಗುತ್ತಿವೆ. ಕಾರಣ ತಿಳಿಯಲು ಮೇಳ ಕಟ್ಟುವುದನ್ನು, ಅಂದರೆ ಮೆಟ್ಟಿಲು ಕೂರಿಸುವುದನ್ನು, ಹತ್ತಿರದಿಂದ ನೋಡಬೇಕು. ತಂತಿಯ ಉಜ್ಜಿಗೆ ಮೆಟ್ಟಿಲಲ್ಲಿ ತಗ್ಗು ಬೀಳುತ್ತದೆ, ಬೇಸಿಗೆಗೆ ಮೇಣ ಮೆತ್ತಗಾಗಿ ಸ್ವರ ಜಾರುತ್ತದೆ. ಆಗ ಆಚಾರರು ಹಳೆಯ ಮೇಣವನ್ನೆಲ್ಲ ಕಿತ್ತು, ದಂಡಿ ಒರೆಸಿ, ಹೊಸ ಮೇಣ ಕಾಯಿಸಿ ಎರಡು ಸಾಲು ಏರಿ ಕಟ್ಟುತ್ತಾರೆ. ಒಂದೊಂದೇ ಮೆಟ್ಟಿಲನ್ನು ಇಟ್ಟು, ಮೀಟಿ, ಕಿವಿಗೊಟ್ಟು, ಎಳ್ಳಷ್ಟು ಹಿಂದೆ, ಎಳ್ಳಷ್ಟು ಮುಂದೆ ಸರಿಸಿ ಒತ್ತುತ್ತಾರೆ. ಹನ್ನೆರಡನೆಯದು ತಂತಿಯ ಅರ್ಧಕ್ಕೆ, ಇಪ್ಪತ್ನಾಲ್ಕನೆಯದು ಮುಕ್ಕಾಲಿಗೆ. ನಡುವಿನವೆಲ್ಲ ಕಿವಿಯ ತೀರ್ಮಾನ. ಗಿಟಾರಿನಲ್ಲಿ ಮೆಟ್ಟಿಲು ಮರದ ಸೀಳಿಗೆ ಸೇರಿಹೋದ ಲೋಹ, ಹಳೆಯ ಲ್ಯೂಟಿನಲ್ಲಿ ಕತ್ತಿಗೆ ಸುತ್ತಿದ ಕರುಳಿನ ದಾರ. ಮೇಣ ಇವೆರಡರ ನಡುವೆ: ನಿಲ್ಲುತ್ತದೆ, ಬೇಕಾದಾಗ ಬಗ್ಗುತ್ತದೆ. ಮಧುರವಾದ ಏರ್ಪಾಡು. ಆದರೆ ಪ್ರತಿಸಲ ಮೇಳ ಕಟ್ಟಿಸಿದಾಗಲೂ ಹಿಂದಿನ ಕಿವಿಯ ದಾಖಲೆ ಆ ಕಿತ್ತ ಮೇಣದೊಡನೆ ಕಸಕ್ಕೆ ಹೋಗುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಜ್ಜಿಯದೋ ದೊಡ್ಡಪ್ಪನದೋ ಹಳೆಯ ವೀಣೆಯಿದ್ದರೆ, ಮೇಳ ಕಟ್ಟಿಸಲು ಕೊಡುವ ಮೊದಲು ಅರ್ಧ ಗಂಟೆ ಅದರ ಮುಂದೆ ಕೂರಿ. ಮೇರುವಿನಿಂದ ಕೊಡದ ಮೇಲಿನ ಕುದುರೆಯವರೆಗಿನ ಉದ್ದ, ಮೇರುವಿನಿಂದ ಒಂದೊಂದು ಮೆಟ್ಟಿಲಿಗೂ ಇರುವ ದೂರ, ಇವನ್ನು ಮಿಲಿಮೀಟರಿನಲ್ಲಿ ಬರೆದಿಡಿ. ವೀಣೆ ಯಾರದು, ಯಾವ ಊರಲ್ಲಿ ಮಾಡಿದ್ದು, ಹಿಂದೆ ಯಾವಾಗ ಮೇಳ ಕಟ್ಟಿಸಿದ್ದು ಎಂಬುದನ್ನೂ ಸೇರಿಸಿ. ಮೇಲಿನಿಂದ ನೇರವಾಗಿ ಒಂದು ಫೋಟೋ ತೆಗೆಯಿರಿ. ಮೈಸೂರಿನ ಸಂಗೀತ ವಿಶ್ವವಿದ್ಯಾಲಯವೋ ಮಾನಸಗಂಗೋತ್ರಿಯ ಗ್ರಂಥಾಲಯವೋ ಇಂಥ ಹಾಳೆಗಳನ್ನು ಒಂದೆಡೆ ಸೇರಿಸಿಡುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು; ಅದಕ್ಕೆ ಬೇಕಾದದ್ದು ಒಂದು ಕಪಾಟು, ಒಬ್ಬ ಆಸಕ್ತ ಸಿಬ್ಬಂದಿ. ಅಲ್ಲಿಯವರೆಗೆ ಆ ಹಾಳೆಯನ್ನು ವೀಣೆಯ ಪೆಟ್ಟಿಗೆಯಲ್ಲೇ ಇಟ್ಟಿರಿ. ನಾಲ್ಕನೆಯ ಮೆಟ್ಟಿಲನ್ನು ಮಾತ್ರ ಎರಡು ಸಲ ಅಳೆಯಿರಿ.